ಉತ್ತರಕ್ಕೆ ಮೂಲವೇ ಆಧಾರ

ವಚನವೊಂದನ್ನು ಕುರಿತು ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರೆಂದು ಕೇಳಿದಾಗ ವಿದ್ಯಾರ್ಥಿಗಳಲ್ಲಿ ಬಹುಮಂದಿ ವಚನವನ್ನು ಬಿಟ್ಟು ವಚನಕಾರರನ್ನು ಹಿಡಿಯುತ್ತಾರೆ. ಬಸವಣ್ಣನವರ ವಚನವಾದರೆ, ಅವರು 12ನೆಯ ಶತಮಾನದವರು, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರು, ಕೂಡಲಸಂಗಮದೇವ ಎಂಬುದು ಅವರ ಅಂಕಿತ ಎನ್ನುವಷ್ಟರಲ್ಲಿ ಮೂರು ವಾಕ್ಯಗಳೂ ಮುಗಿದುಹೋಗಿರುತ್ತವೆ. ಹೇಳಿದುದೆಲ್ಲವೂ ಸತ್ಯವೇ, ಆದರೆ ಕೇಳಿದುದು ಅದಲ್ಲ. ಊರಿನ ದಾರಿಯನ್ನು ಕೇಳಿದವನಿಗೆ ಊರಗೌಡನ ವಂಶಾವಳಿಯನ್ನು ಹೇಳಿದಂತಾಯಿತು.

ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನವನ್ನು ರಚಿಸಿದ ಮಲ್ಲಿನಾಥಸೂರಿಯು ತನ್ನ ಗ್ರಂಥಾರಂಭದಲ್ಲಿಯೇ ಎರಡು ನಿಯಮಗಳಿಗೆ ತನ್ನನ್ನು ಒಳಪಡಿಸಿಕೊಂಡಿದ್ದಾನೆ. ಮೂಲದಲ್ಲಿ ಆಧಾರವಿಲ್ಲದುದನ್ನು ಬರೆಯಲಾಗದು, ಬೇಕಿಲ್ಲದುದನ್ನು ಹೇಳಲಾಗದು. ಮಹಾಕಾವ್ಯಗಳ ವ್ಯಾಖ್ಯಾನಕ್ಕೆ ಏರ್ಪಟ್ಟ ಈ ನಿಯಮಗಳು ನಾಲ್ಕು ವಾಕ್ಯಗಳ ಉತ್ತರಕ್ಕೆ ಇನ್ನಷ್ಟು ಒಪ್ಪುತ್ತವೆ. ಸ್ಥಳವು ಕಡಿಮೆಯಾದಷ್ಟೂ ಎರಡನೆಯ ನಿಯಮವು ಬಿಗಿಯಾಗುತ್ತದೆ. ವಚನಗಳ ವಿಷಯದಲ್ಲಿಯಾದರೋ ಮೊದಲನೆಯದು ಕೇವಲ ಅಂಕಗಳ ಮಾತಲ್ಲ. ಶರಣರು ಆಡದ ಮಾತನ್ನು ಶರಣರ ಹೆಸರಿನಲ್ಲಿ ಆಡಿಸುವುದು, ಅದು ಎಷ್ಟೇ ಒಳ್ಳೆಯ ಮಾತಾಗಿದ್ದರೂ, ಸುಳ್ಳೇ ಆಗುತ್ತದೆ.

ಈಗ ಒಂದು ವಚನವನ್ನು ಎತ್ತಿಕೊಂಡು ನೋಡಬಹುದು. ಉಳ್ಳವರು ಕಟ್ಟಿಸುವ ಶಿವಾಲಯಕ್ಕೆ ಪ್ರತಿಯಾಗಿ ಬಡಭಕ್ತನು ತನ್ನ ದೇಹವನ್ನೇ ದೇಗುಲವಾಗಿ ಒಪ್ಪಿಸುವ ಬಸವಣ್ಣನವರ ವಚನವು ಎಲ್ಲರಿಗೂ ಪರಿಚಿತವಾದುದು. ಈ ವಚನದಲ್ಲಿ ದೇಹಕ್ಕೂ ದೇಗುಲಕ್ಕೂ ಕಲ್ಪಿಸಿರುವ ಸಂಬಂಧವೇನೆಂಬುದು ಪ್ರಶ್ನೆಯೆಂದಿರಲಿ.

ಬಸವಣ್ಣನವರು ದೇವಾಲಯಗಳನ್ನು ಖಂಡಿಸಿದರು, ಧನಿಕರನ್ನು ಹಳಿದರು ಎಂದು ಒಬ್ಬ ವಿದ್ಯಾರ್ಥಿಯು ಬರೆಯುತ್ತಾನೆ. ಹಳಿದ ಮಾತು ಯಾವುದು, ಅದು ವಚನದಲ್ಲಿ ಎಲ್ಲಿದೆ ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಉಳ್ಳವರು ಗುಡಿಯನ್ನು ಮಾಡುವರೆಂದು ವಚನವು ಹೇಳುತ್ತದೆಯೇ ಹೊರತು ಅವರನ್ನು ಬೈಯುವ ವಿಶೇಷಣವೊಂದೂ ಅಲ್ಲಿಲ್ಲ. ಆ ಭಾಗದ ಧ್ವನಿಯು ತನ್ನ ಬಡತನವನ್ನು ಹೇಳಿಕೊಳ್ಳುವವನ ಧ್ವನಿ. ಕಡೆಗೆ ಬರುವ ನಿರ್ಣಯವು ಕಲ್ಲಿನ ಗುಡಿಯ ಬೆಲೆಯನ್ನು ಇಳಿಸುತ್ತದೆಂಬುದು ನಿಜ. ಆದರೆ ಇಳಿಸುವುದು ಬೇರೆ, ಹಳಿಯುವುದು ಬೇರೆ.

ಇನ್ನೊಬ್ಬನು ವಚನವನ್ನು ಮೊದಲಿನಿಂದ ಕೊನೆಯವರೆಗೆ ಪ್ರತಿಮಾಡಿ, ಎಂದು ಬಸವಣ್ಣನವರು ಹೇಳಿದ್ದಾರೆ ಎಂಬುದನ್ನು ಸೇರಿಸಿ ಲೇಖನಿಯನ್ನು ಕೆಳಗಿಡುತ್ತಾನೆ. ಮೊದಲನೆಯವನಲ್ಲಿ ಪ್ರತಿಜ್ಞೆಯಿತ್ತು, ಹೇತುವಿರಲಿಲ್ಲ. ಇವನಲ್ಲಿ ಹೇತುವುಂಟು, ಪ್ರತಿಜ್ಞೆಯಿಲ್ಲ. ತರ್ಕಶಾಸ್ತ್ರದ ಪ್ರಸಿದ್ಧ ಉದಾಹರಣೆಯಲ್ಲಿ ಹೇಳುವುದಾದರೆ, ಒಬ್ಬನು ಹೊಗೆಯನ್ನು ತೋರಿಸದೆ ಬೆಟ್ಟದಲ್ಲಿ ಬೆಂಕಿಯಿದೆಯೆಂದು ಕೂಗಿದನು, ಮತ್ತೊಬ್ಬನು ಹೊಗೆಯನ್ನು ಬೆರಳಿಟ್ಟು ತೋರಿಸಿ ಸುಮ್ಮನೆ ನಿಂತನು. ಪ್ರತಿಮಾಡುವುದು ಸೋಮಾರಿತನವೆಂದು ಗದರಿಸುವ ಉಪಾಧ್ಯಾಯರುಂಟು. ಅದು ಬಹುಮಟ್ಟಿಗೆ ಅಂಜಿಕೆ. ತನ್ನ ಮಾತು ತಪ್ಪಾದೀತೆಂದು ಹುಡುಗನು ಶರಣರ ಮಾತಿನ ಹಿಂದೆ ಅಡಗಿಕೊಳ್ಳುತ್ತಾನೆ.

ಒಪ್ಪತಕ್ಕ ಉತ್ತರವು ಹೀಗಿರಬಹುದು: ಗುಡಿಯನ್ನು ಕಟ್ಟಿಸಲು ಶಕ್ತಿಯಿಲ್ಲದ ಭಕ್ತನು ತನ್ನ ದೇಹವನ್ನೇ ಗುಡಿಯೆಂದು ಭಾವಿಸುತ್ತಾನೆ. ಕಾಲನ್ನು ಕಂಬಕ್ಕೂ ತಲೆಯನ್ನು ಕಳಶಕ್ಕೂ ಹೊಂದಿಸಿರುವುದರಿಂದ, ಅಡಿಯಿಂದ ಮುಡಿಯವರೆಗೆ ಈ ಗುಡಿಯಲ್ಲಿ ಯಾವುದೂ ಕೊರತೆಯಾಗಿಲ್ಲವೆಂದು ತೋರುತ್ತದೆ. ಕೊನೆಯಲ್ಲಿ ‘ಸ್ಥಾವರ’ಕ್ಕೆ ಅಳಿವನ್ನು ಹೇಳಿ ‘ಜಂಗಮ’ಕ್ಕೆ ಅದನ್ನು ನಿರಾಕರಿಸಿರುವುದರಿಂದ, ಭಕ್ತನ ನಡೆಯುವ ಗುಡಿಯು ಕಲ್ಲಿನ ಗುಡಿಗಿಂತ ಮಿಗಿಲೆಂಬುದು ವಚನದ ಅಭಿಪ್ರಾಯವೆನ್ನಬಹುದು.

ಇಲ್ಲಿ ಮೂರೇ ವಾಕ್ಯಗಳಿವೆ. ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ‘ಇರುವುದರಿಂದ’ ಎಂಬ ತೃತೀಯೆಯು ಬಂದಿರುವುದನ್ನು ಗಮನಿಸತಕ್ಕದ್ದು. ಹೇತುವು ಕುಳಿತುಕೊಳ್ಳುವ ಸ್ಥಾನವೇ ಅದು. ಮೂಲದಿಂದ ತೆಗೆದುಕೊಂಡುದು ಕೆಲವು ಪದಗಳು ಮಾತ್ರ. ಯಾವ ಪದದ ಮೇಲೆ ಅರ್ಥವು ನಿಂತಿದೆಯೋ ಆ ಪದವನ್ನು ಎತ್ತಿದರೆ ಸಾಕು.

ಇದೇ ವಚನದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಎಡೆಯುಂಟು. ದೇಹಕ್ಕೆ ಅಳಿವಿಲ್ಲವೆಂದು ಬಸವಣ್ಣನವರು ಹೇಳುತ್ತಾರೆ ಎಂದು ಬರೆಯುವವರು ಕಡಿಮೆಯಿಲ್ಲ. ದೇಹವು ಅಳಿಯುವುದೆಂಬುದನ್ನು ಹಸುಳೆಯೂ ಬಲ್ಲದು. ಬಸವಣ್ಣನವರು ಅರಿಯದೆ ಹೋದರೇ? ವಚನವನ್ನು ಮತ್ತೆ ಓದಿದರೆ, ಅಳಿವಿಲ್ಲವೆಂಬ ಮಾತು ಬರುವಲ್ಲಿ ದೇಹವೆಂಬ ಪದವೇ ಇಲ್ಲ. ಅಲ್ಲಿರುವುದು ಜಂಗಮವೆಂಬ ಪದ. ನಡುವೆ ದೇಹವೆಂದವರು ಕಡೆಯಲ್ಲಿ ಜಂಗಮವೆಂದರು. ಪದವು ಬದಲಾದೊಡನೆ ಅರ್ಥವೂ ಹಿಗ್ಗಿತು. ಜಂಗಮವೆಂದರೆ ಚಲಿಸುವುದು, ವೀರಶೈವ ಪರಿಭಾಷೆಯಲ್ಲಿ ಗುರು, ಲಿಂಗ, ಜಂಗಮಗಳೆಂಬ ಮೂರರಲ್ಲಿ ಒಂದು. ಆದುದರಿಂದ ಅಳಿಯದಿರುವುದು ಎಲುಬು ತೊಗಲುಗಳ ಒಡಲಲ್ಲ, ಅದರಲ್ಲಿ ನಡೆಯುವ ಚೈತನ್ಯವೆಂದೋ, ಜಂಗಮತತ್ತ್ವವೆಂದೋ ಅರ್ಥೈಸಲು ಎಡೆಯಿದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಆಧಾರವುಂಟು. ದೇಹವೇ ಅಳಿಯದೆಂಬುದಕ್ಕೆ ಮಾತ್ರ ಆಧಾರವಿಲ್ಲ. ಒಂದೇ ಪದವನ್ನು ನೋಡದೆ ಹೋದುದರಿಂದ ಹನ್ನೆರಡನೆಯ ಶತಮಾನದ ಅನುಭಾವಿಯೊಬ್ಬರ ಬಾಯಲ್ಲಿ ಅಸಂಗತವಾದ ಮಾತನ್ನು ಇಟ್ಟಂತಾಗುತ್ತದೆ.

ಪದವನ್ನು ಹಿಡಿಯುವುದೆಂದ ಮೇಲೆ ಆ ಪದವು ಅಲ್ಲಿದೆಯೇ ಎಂಬುದೂ ಖಚಿತವಾಗಿರಬೇಕು. ವಚನಗಳು ತಾಳೆಯೋಲೆಗಳಲ್ಲಿ ಹಲವು ಕೈಗಳಿಂದ ಪ್ರತಿಯಾಗಿ ಬಂದವು, ಪಾಠಾಂತರಗಳುಂಟು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಅಚ್ಚಾಯಿತು. ಸಮಗ್ರ ವಚನ ಸಂಪುಟಗಳು 1993ರಲ್ಲಿ 15 ಸಂಪುಟಗಳಾಗಿ ಹೊರಬಂದವು. ಪರೀಕ್ಷೆಗೆ ಗೊತ್ತುಮಾಡಿದ ಪುಸ್ತಕದ ಪಾಠವನ್ನೇ ಹಿಡಿಯತಕ್ಕದ್ದು. ಕೇಳಿ ಬಾಯಿಗೆ ಬಂದ ಪಾಠವನ್ನು ನಂಬಿ ಉದ್ಧರಿಸಲಾಗದು.

ಕಥೆಯನ್ನು ಆಧಾರವೆಂದು ಭ್ರಮಿಸುವುದು ಮತ್ತೊಂದು ತೊಡಕು. ಗಂಡನಾದ ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನವರು ಒಪ್ಪದೆ ಹಿಂದಕ್ಕೆ ಕಳುಹಿಸಿದ ಪ್ರಸಂಗವು ಮನೆಮನೆಯ ಮಾತು. ಆ ದಂಪತಿಗಳ ಪ್ರಸಂಗವನ್ನು ಶೂನ್ಯಸಂಪಾದನೆಯೂ ವಿಸ್ತರಿಸುತ್ತದೆ. ಆದರೆ ಆಸೆಯನ್ನು ಕುರಿತ ಲಕ್ಕಮ್ಮನವರ ವಚನವನ್ನಷ್ಟೇ ಕೊಟ್ಟು, ಅವರು ಆಸೆಯನ್ನು ಹೇಗೆ ಕಾಣುತ್ತಾರೆಂದು ಕೇಳಿದರೆ, ಕಥೆಗೆ ಅರ್ಧ ವಾಕ್ಯವು ಸಾಕು. ಉಳಿದುದು ವಚನದಿಂದಲೇ ಬರಬೇಕು. ಅಲ್ಲಿ ಆಸೆಯನ್ನು ಅರಸನ ಪಾಲಿಗೂ ರೋಷವನ್ನು ಯಮದೂತರ ಪಾಲಿಗೂ ಬಿಡಲಾಗಿದೆ. ಅದನ್ನು ವಿಧಿವಾಕ್ಯವಾಗಿ ಹೇಳದೆ ಪ್ರಶ್ನೆಯಾಗಿ ಕೇಳಲಾಗಿದೆ. ಹೆಂಡತಿಯು ಗಂಡನಿಗೆ ಬುದ್ಧಿ ಹೇಳುವಾಗ ಗೌರವವನ್ನು ಬಿಡದೆ, ಮಾತಿನ ಮೊನೆಯನ್ನೂ ಮೊಂಡುಮಾಡದೆ ಇರುವ ಪರಿಯು ಆ ಪ್ರಶ್ನಾರೂಪದಲ್ಲಿದೆ. ‘ಸಂದರ್ಭಸಹಿತ ಸ್ವಾರಸ್ಯವನ್ನು ವಿವರಿಸಿರಿ’ ಎಂಬ ಪ್ರಶ್ನೆಯಲ್ಲಿ ಸಂದರ್ಭಕ್ಕೆ ಕಥೆಯೂ ಸ್ವಾರಸ್ಯಕ್ಕೆ ಇಂತಹ ರೂಪವೂ ಒದಗುತ್ತವೆ. ವಿದ್ಯಾರ್ಥಿಗಳು ಸಂದರ್ಭಕ್ಕೆ ಒಂದು ಪುಟವನ್ನು ಸವೆಸಿ, ಸ್ವಾರಸ್ಯಕ್ಕೆ ‘ಬಹಳ ಸ್ವಾರಸ್ಯಕರವಾಗಿದೆ’ ಎಂದು ಬರೆದು ಮುಗಿಸುವುದು ಹಳೆಯ ರೋಗ.

ಅಭ್ಯಾಸಕ್ಕಾಗಿ ಲಕ್ಕಮ್ಮನವರ ಅದೇ ವಚನವನ್ನು ಎರಡು ಸಲ ಓದಿ, ಮೇಲಿನ ಪ್ರಶ್ನೆಗೆ ನಾಲ್ಕು ವಾಕ್ಯಗಳಲ್ಲಿ ಉತ್ತರವನ್ನು ಬರೆಯತಕ್ಕದ್ದು. ಬರೆದ ಮೇಲೆ ಪ್ರತಿಯೊಂದು ವಾಕ್ಯದ ಎದುರಿಗೆ, ಅದು ವಚನದ ಯಾವ ಪದದಿಂದ ಹುಟ್ಟಿತೆಂಬುದನ್ನು ಗುರುತಿಸಬೇಕು. ಗುರುತು ಸಿಕ್ಕದ ವಾಕ್ಯವನ್ನು ಹೊಡೆದುಹಾಕಿ, ಉಳಿದುದನ್ನು ಉಪಾಧ್ಯಾಯರಿಗೆ ತೋರಿಸಬಹುದು.