ತಿಪ್ಪೆಯ ನಾತದಲ್ಲಿ ಹಾರಿಹೋಗುವ ಗೊಬ್ಬರ

ಶ್ರಾವಣದ ಮಳೆ ಹಿಡಿಯಿತೆಂದರೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಊರು ಕಾಣುವ ಮೊದಲೇ ತಿಪ್ಪೆಯ ನಾತ ಮೂಗಿಗೆ ಬಡಿಯುತ್ತದೆ. ದನ ಕಟ್ಟಿದ ಮೇಲೆ ಇದು ಇದ್ದದ್ದೇ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಕಣ್ಣು ಉರಿಸುವ ಆ ಘಾಟು ಅಮೋನಿಯಾ. ಹೊಲ ಸೇರಬೇಕಿದ್ದ ಸಾರಜನಕ ಗಾಳಿಯ ಪಾಲಾಗುತ್ತಿದೆ. ಅದನ್ನೇ ಮುಂದೆ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ಬರೀ ಸೆಗಣಿಗೆ ಇಷ್ಟು ಘಾಟಿಲ್ಲ. ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟು ಗಂಜಲದಲ್ಲಿರುತ್ತದೆ, ಅದೂ ಯೂರಿಯಾ ರೂಪದಲ್ಲಿ. ಸೆಗಣಿಯಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದಕ್ಕೆ ತಾಗಿದರೆ ಕೆಲವೇ ಗಂಟೆಗಳಲ್ಲಿ ಅಮೋನಿಯಾ ಏಳುತ್ತದೆ. ಆದ್ದರಿಂದ ಮೊದಲ ಕೆಲಸ ಎರಡನ್ನೂ ಬೇರೆ ಮಾಡುವುದು. ಕೊಟ್ಟಿಗೆಗೆ ಶಹಾಬಾದ್ ಪರಸಿ ಹಾಸಿದ್ದರೆ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಹಿಂಗಾಲಿನ ಕಡೆಗೆ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಡಿ. ಅಲ್ಲೊಂದು ಕಾಲುವೆ, ಅದರ ತುದಿಗೆ ಮುಚ್ಚಳವಿರುವ ಚಿಕ್ಕ ತೊಟ್ಟಿ. ಮಣ್ಣಿನ ನೆಲವಾದರೆ ರಾತ್ರಿ ಸೋಯಾ ಹೊಟ್ಟು ಅಥವಾ ಕಬ್ಬಿನ ರವದಿ ಹಾಸಿ; ಗಂಜಲ ಹೀರಿದ ಅದನ್ನು ಬೆಳಿಗ್ಗೆ ಬಳಿದು ತಿಪ್ಪೆಗೆ ಹಾಕಿ. ರವದಿಗೆ ಹೊಲದಲ್ಲೇ ಬೆಂಕಿ ಇಡುವುದಕ್ಕಿಂತ ಇದು ಎಷ್ಟೋ ವಾಸಿ.

ನಾತ ತಗ್ಗಲೆಂದು ಹಸಿ ತಿಪ್ಪೆಗೆ ಒಲೆಯ ಬೂದಿ, ಸುಣ್ಣ ಎರಚುವುದುಂಟು. ಪರಿಣಾಮ ತಿರುಗುಮುರುಗು: ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಬೇಗ ಹಾರುತ್ತದೆ. ಎರಚುವುದೇ ಆದರೆ ಸಿಂಗಲ್ ಸೂಪರ್ ಫಾಸ್ಫೇಟ್ ಎರಚಿ, ಅದು ಅಮೋನಿಯಾವನ್ನು ಹಿಡಿದಿಡುತ್ತದೆ.

ಕೊಳೆತ ಮೊಟ್ಟೆಯ ವಾಸನೆಯದು ಬೇರೆ ಕಥೆ. ಅದು ಹೈಡ್ರೋಜನ್ ಸಲ್ಫೈಡ್, ಗಾಳಿಯಾಡದ ಕಡೆ ಹುಟ್ಟುವಂಥದ್ದು. ನಮ್ಮ ಎರೆಮಣ್ಣಿನ ಗುಂಡಿಯಲ್ಲಿ ನಿಂತ ಮಳೆನೀರು ಇಂಗುವುದಿಲ್ಲ, ಗೊಬ್ಬರ ನೀರಲ್ಲೇ ಕೊಳೆಯುತ್ತದೆ. ಮಳೆಗಾಲದಲ್ಲಿ ಗುಂಡಿ ಬಿಟ್ಟು ದಿಬ್ಬದ ಮೇಲೆ ರಾಶಿ ಹಾಕಿ. ಅಡಿಯಲ್ಲಿ ತೊಗರಿ ಕಟ್ಟಿಗೆ ಹರಡಿದರೆ ಗಾಳಿಯಾಡುತ್ತದೆ. ಒಂದು ಹಿಡಿ ಗೊಬ್ಬರ ಅದುಮಿ ನೋಡಿ: ಅಂಗೈ ತೇವವಾಗಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಒಣ ಹೊಟ್ಟು ಸೇರಿಸಿ ಮಗುಚಿ.

ಗೋಬರ್ ಗ್ಯಾಸ್ ಕಟ್ಟಿಸಿದರೆ ನಾತವೂ ಕಡಿಮೆ, ಒಲೆಗೂ ಉರಿ. ಆದರೆ ಲೆಕ್ಕ ಹಾಕಿ ಇಳಿಯಿರಿ. 2 ಘನಮೀಟರ್ ಘಟಕಕ್ಕೆ ದಿನಕ್ಕೆ 50 ಕಿಲೋ ಸೆಗಣಿ, ಅಷ್ಟೇ ನೀರು ಬೇಕು. ದೇವಣಿ ದನವೊಂದು ಸುಮಾರು 10 ಕಿಲೋ ಹಾಕುತ್ತದೆ, ಮೇಯಲು ಬಿಟ್ಟರೆ ಅದರಲ್ಲಿ ಒಂದಿಷ್ಟು ಅಡವಿಯ ಪಾಲು. ಬರೀ ಜೋಡೆತ್ತು ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿಗೆಲ್ಲ ಒಂದೇ ಘಟಕ ಕಟ್ಟಿದ್ದರು. ಮನೆಮನೆಯ ಅಡುಗೆಗೆ ಗ್ಯಾಸ್ ಸಾಲಲಿಲ್ಲ. 1987ರಲ್ಲಿ ಅದರಿಂದ ಎಂಜಿನ್ ಓಡಿಸಿ ದೀಪಕ್ಕೂ ಕುಡಿಯುವ ನೀರಿಗೂ ವಿದ್ಯುತ್ ತೆಗೆದರು. ಗ್ಯಾಸ್ ಕೊಟ್ಟು ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ ಗಟ್ಟಿಮಾಡಿ ರೈತರಿಗೇ ಹಿಂದಿರುಗಿಸಿದರು. ಬಗ್ಗಡವನ್ನು ಬಿಸಿಲಿಗೆ ತೆರೆದಿಟ್ಟರೆ ಮಾತ್ರ ಅದರ ಅಮೋನಿಯಾವೂ ಹಾರುತ್ತದೆ. ರವದಿಯ ಪದರಗಳ ನಡುವೆ ಸುರಿದು ಕಾಂಪೋಸ್ಟ್ ಮಾಡಿ, ಇಲ್ಲವೇ ಸಂಜೆ ಹೊಲಕ್ಕೆ ಬಿಟ್ಟು ಕೂಡಲೇ ಮಣ್ಣಲ್ಲಿ ಬೆರೆಸಿ. ಘಟಕದ ಅಳತೆಗೆ, ಸಲಹೆಗೆ ಬೀದರ್‌ನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ.

ಗ್ಯಾಸ್ ಗುಂಡಿ ಕಟ್ಟಿಕೊಂಡರೆ ಸ್ವಚ್ಛ ಮಾಡಲು ಯಾರನ್ನೂ ಒಳಗಿಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಉಳಿಯುವುದು ಕಷ್ಟ.