ಕೆಳಗಿನ ಬಿಪಿ ತೀರಾ ಇಳಿದರೆ?

ಸ್ಟೆಂಟ್ ಹಾಕಿಸಿಕೊಂಡ ನಿಮ್ಮ ತಂದೆಯವರ ಬಿಪಿ 128/58 ಇದೆ, ಮೇಲಿನದು ಸರಿಯಿದ್ದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು, ಕೆಳಗಿನದನ್ನೂ ನೋಡಬೇಕು. ಹೃದಯ ಕುಗ್ಗಿದಾಗ ಮೈಗೆಲ್ಲ ರಕ್ತ ಹೋಗುತ್ತದೆ. ಆದರೆ ಹೃದಯದ ಸ್ನಾಯುವಿಗೆ, ಅದರಲ್ಲೂ ಎಡಭಾಗಕ್ಕೆ, ಹೆಚ್ಚಿನ ರಕ್ತ ಸಿಗುವುದು ಅದು ಸಡಿಲಗೊಂಡಾಗ. ಆ ಹೊತ್ತಿನ ಒತ್ತಡವೇ ಕೆಳಗಿನ ಅಂಕಿ. ರಕ್ತನಾಳ ಕಿರಿದಾದವರಲ್ಲಿ ಅದು ತೀರಾ ಇಳಿದರೆ ಸ್ನಾಯುವಿಗೆ ರಕ್ತ ಸಾಲದೆ ಹೋಗಬಹುದು.

2016ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಕ್ಲಾರಿಫೈ ಅಧ್ಯಯನ ಹೃದಯದ ರಕ್ತನಾಳದ ಕಾಯಿಲೆಯೂ ಬಿಪಿಯೂ ಇದ್ದ ಸುಮಾರು 22 ಸಾವಿರ ಜನರನ್ನು ಗಮನಿಸಿತು. ಕೆಳಗಿನ ಬಿಪಿ 80 ಮತ್ತು ಅದಕ್ಕೂ ಮೇಲಿದ್ದವರಲ್ಲಿ ಅಪಾಯ ಹೆಚ್ಚಿತ್ತು. 70ಕ್ಕಿಂತ ಕಡಿಮೆ ಇದ್ದವರಲ್ಲೂ ಹೆಚ್ಚಿತ್ತು. ಹಾಗೆಂದು ಕಡಿಮೆ ಬಿಪಿಯೇ ಕಾರಣ ಎನ್ನಲಾಗದು. ವಯಸ್ಸಾಗಿ ರಕ್ತನಾಳ ಬಿರುಸಾದವರಲ್ಲಿ, ಬೇರೆ ಕಾಯಿಲೆಯಿಂದ ಸೊರಗಿದವರಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಕೆಳಗಿನದು 70ರಿಂದ 80ರ ನಡುವೆ ಇರಲಿ ಎಂಬುದು ನನ್ನ ಅಭಿಪ್ರಾಯ.

ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ಥಟ್ಟನೆ ಬಿಟ್ಟರೆ ಹೃದಯಾಘಾತವೇ ಆಗಬಹುದು. ಮೂರು ದಿನ ಬೆಳಿಗ್ಗೆ ಮಾತ್ರೆಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿ ಬರೆದಿಡಿ. ಎದ್ದು ನಿಂತಾಗಿನದ್ದೂ ಬೇಕು. ಏಳುವಾಗ ತಲೆಸುತ್ತು ಬರುತ್ತದೆ ಎಂದಿರಲ್ಲ, ನನಗೆ 58ಕ್ಕಿಂತ ಹೆಚ್ಚು ಆತಂಕ ಅದರದೇ. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದರೆ ಕಷ್ಟ. ಆ ಚೀಟಿಯನ್ನೂ ಎಲ್ಲ ಮಾತ್ರೆಗಳನ್ನೂ ಈ ವಾರವೇ ಅವರ ಹೃದ್ರೋಗ ತಜ್ಞರಿಗೆ ತೋರಿಸಿ. ನಡುವೆ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಕಾಯದೆ 108ಕ್ಕೆ ಕರೆ ಮಾಡಿ.