ತುಘಲಕ್‌ಗೆ ಮಳವಳ್ಳಿಯ ವಿಮರ್ಶೆ

ನಾಟಕದ ವಿಮರ್ಶೆ ಕೈಗೆ ಸಿಕ್ಕರೆ ಮೊದಲು ತಾರೀಖು ನೋಡಬೇಕು, ಆಮೇಲೆ ಊರು. ಚೆನ್ನಾಗಿತ್ತೋ ಇಲ್ಲವೋ ಎಂಬ ತೀರ್ಪು ಮೂರನೆಯದು. ಗಿರೀಶ ಕಾರ್ನಾಡರ ‘ತುಘಲಕ್’ ಜೊತೆ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿದ ಮೇಲೆ ನನ್ನಲ್ಲಿ ಗಟ್ಟಿಯಾಗಿ ನಿಂತ ಪಾಠವಿದು. ನಾನು ನಟನಲ್ಲ. ನಮ್ಮ ಹವ್ಯಾಸಿ ತಂಡದಲ್ಲಿ ಕರಪತ್ರ ಬರೆಯುವುದು, ಟಿಕೆಟ್ ಮಾರುವುದು, ಆಟ ಮುಗಿದ ಮೇಲೆ ಸಾಮಾನು ಎಣಿಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಕರಪತ್ರಕ್ಕೆಂದು ಈ ನಾಟಕದ ಹಳೆಯ ಪ್ರಯೋಗಗಳ ಬಗ್ಗೆ ಬಂದ ಬರಹಗಳನ್ನು ಓದಿಕೊಂಡೇ ಹೊರಟಿದ್ದೆ.

ದೆಹಲಿಯ ಸುಲ್ತಾನ ತುಘಲಕನ ಕಥೆಯಾದ ಈ ನಾಟಕವನ್ನು ಕಾರ್ನಾಡರು ಬರೆದದ್ದು 1964ರಲ್ಲಿ. ನೆಹರೂ ತೀರಿಕೊಂಡದ್ದೂ ಅದೇ ವರ್ಷದ ಮೇ ತಿಂಗಳಲ್ಲಿ. ಮುಂದೆ ಮುಂಬಯಿಯ ನಿರ್ದೇಶಕ ಅಲೀಕ್ ಪದಮ್‌ಸಿಯವರ ಒತ್ತಾಯಕ್ಕೆ ಕಾರ್ನಾಡರೇ ಅದನ್ನು ಇಂಗ್ಲಿಷಿಗೆ ತಂದರು. 1972ರಲ್ಲಿ ಪುಸ್ತಕವಾಗಿ ಬಂದಾಗ ಯು.ಆರ್. ಅನಂತಮೂರ್ತಿ ಮುನ್ನುಡಿ ಬರೆದು, ನೆಹರೂ ಯುಗದ ಆದರ್ಶಗಳು ಕುಸಿದ ಮೇಲಿನ ಭ್ರಮನಿರಸನ ಈ ನಾಟಕದಲ್ಲಿದೆ ಎಂದರು. ಆ ಮಾತು ಪುಸ್ತಕದ ಬಾಗಿಲಲ್ಲೇ ನಿಂತಿದ್ದರಿಂದ ಆಮೇಲೆ ಬಂದವರೆಲ್ಲ ಅದನ್ನು ದಾಟಿಯೇ ಒಳಗೆ ಹೋದರು. ತುರ್ತುಪರಿಸ್ಥಿತಿಯ ನಂತರ ಓದಿದವರಿಗೆ ಸುಲ್ತಾನನಲ್ಲಿ ಇಂದಿರಾ ಗಾಂಧಿ ಕಂಡರು. 2016ರ ನವೆಂಬರ್ 8ರಂದು ನೋಟು ರದ್ದಾದಾಗ, ಸುಲ್ತಾನ ಚಲಾವಣೆಗೆ ತಂದ ತಾಮ್ರದ ನಾಣ್ಯದ ಪ್ರಸಂಗ ಎಲ್ಲರ ಬಾಯಿಗೂ ಬಂತು. ನಾಟಕದ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ನೋಡುವವರ ಕಾಲ.

ಜಾಗವೂ ಅಷ್ಟೇ ಮಾತಾಡುತ್ತದೆ. ಎಪ್ಪತ್ತರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ದೆಹಲಿಯ ಪುರಾನಾ ಕಿಲಾದ ಬಯಲಲ್ಲಿ ಇದನ್ನು ಆಡಿಸಿದರು. ಆ ಪ್ರಯೋಗವನ್ನು ನೆನೆಯುವವರು ಕೋಟೆಯ ಭವ್ಯತೆಯನ್ನು ಬಿಟ್ಟು ಮಾತು ಶುರುಮಾಡುವುದೇ ಇಲ್ಲ. ಆದರೆ ಆ ಕೋಟೆ ತುಘಲಕನ ಕಾಲದ್ದಲ್ಲ, ಅವನಿಗಿಂತ ಸುಮಾರು ಎರಡು ಶತಮಾನ ಈಚಿನದು. 2012ರಲ್ಲಿ ಭಾನು ಭಾರತಿ ಫಿರೋಜ್ ಶಾ ಕೋಟ್ಲಾದಲ್ಲಿ ಆಡಿಸಿದರು. ಅದು ತುಘಲಕನ ಚಿಕ್ಕಪ್ಪನ ಮಗ, ಅವನ ನಂತರ ಪಟ್ಟಕ್ಕೆ ಬಂದ ಫಿರೋಜ್ ಕಟ್ಟಿಸಿದ್ದು. ಇತಿಹಾಸಕ್ಕೆ ಹತ್ತಿರದ ಜಾಗ ಸಿಕ್ಕಿದರೂ ಹೋಲಿಕೆಯ ತಕ್ಕಡಿಗೆ ಬಿದ್ದದ್ದು ಅಲ್ಕಾಜಿಯೇ. ನಮಗೆ ಇದು ಹೊಸದಲ್ಲ. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ಅಂದರೆ ನಮ್ಮ ಹಿರಿಯರು ಮೊದಲು ಹೇಳುತ್ತಿದ್ದದ್ದು ರಂಗದ ಮೇಲೆ ಬಂದ ಆನೆ, ಕುದುರೆಗಳನ್ನು.

ನಟರ ವಿಷಯದಲ್ಲೂ ಇದೇ ಕಥೆ. ದೆಹಲಿಯವರಿಗೆ ತುಘಲಕ್ ಅಂದರೆ ಮನೋಹರ ಸಿಂಗ್, ಮುಂಬಯಿಯ ಇಂಗ್ಲಿಷ್ ನಾಟಕದವರಿಗೆ ಪದಮ್‌ಸಿ ಆಡಿಸಿದ ಕಬೀರ್ ಬೇಡಿ. ಕನ್ನಡಿಗರಿಗೆ ‘ನಟರಂಗ’ದ ಸಿ.ಆರ್. ಸಿಂಹ. ನಮ್ಮ ಪಕ್ಕದ ಚನ್ನಪಟ್ಟಣದ ಹೆಸರು ಹೊತ್ತ ಚನ್ನಪಟ್ಟಣ ರಾಮಸ್ವಾಮಿ ಸಿಂಹ ತಾವೇ ನಿರ್ದೇಶಿಸಿ ತಾವೇ ಸುಲ್ತಾನರಾದರು. ಅವರ ದನಿ ಕೇಳಿದವರು ನಮ್ಮ ಹುಡುಗನನ್ನು ನೋಡಿ, ‘ಚೆನ್ನಾಗಿ ಮಾಡ್ದ, ಆದ್ರೆ ಸಿಂಹ...’ ಅಂದು ನಿಲ್ಲಿಸುತ್ತಿದ್ದರು. ವಾಕ್ಯ ಮುಗಿಸುವ ಅಗತ್ಯವೇ ಇರಲಿಲ್ಲ.

ಇಷ್ಟೆಲ್ಲ ಓದಿನಿಂದ ಬಂದದ್ದು. ಮಿಕ್ಕದ್ದನ್ನು ಕಲಿಸಿದವರು ನಮ್ಮ ಜಿಲ್ಲೆಯ ಪ್ರೇಕ್ಷಕರು.

ಮಂಡ್ಯದ ಕಲಾಮಂದಿರದಲ್ಲಿ ಆಟ ಮುಗಿದ ಮೇಲೆ ಚರ್ಚೆ ಕಾವೇರಿದ್ದು ನೆಹರೂ ಬಗ್ಗೆ ಅಲ್ಲ, ಕನ್ನಂಬಾಡಿ ಬಗ್ಗೆ. ಸುಲ್ತಾನ ರಾಜಧಾನಿ ಬದಲಿಸಿದಾಗ ದೆಹಲಿಯ ಜನ ಗಂಟುಮೂಟೆ ಹೊತ್ತು ದೌಲತಾಬಾದಿಗೆ ನಡೆಯುವುದನ್ನು ನೋಡಿದವರಿಗೆ, ಅಣೆಕಟ್ಟೆಗಾಗಿ ಊರು ಬಿಟ್ಟವರ ನೆನಪು ಬಂದಿತ್ತು. ‘ಎರಡೂ ದೊರೆಗಳ ಕನಸೇ. ಒಂದರಿಂದ ನಮ್ಮ ಗದ್ದೆಗೆ ನೀರು ಬಂತು, ಇನ್ನೊಂದರಿಂದ ಹೆಣ ಬಿತ್ತು. ವ್ಯತ್ಯಾಸ ಎಲ್ಲಿದೆ ಹೇಳಿ’ ಎಂದು ನಿವೃತ್ತ ಎಂಜಿನಿಯರೊಬ್ಬರು ಪಟ್ಟು ಹಿಡಿದರು. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಊರಿನಲ್ಲಿ ಮಾತ್ರ ಏಳಬಹುದಾದ ಪ್ರಶ್ನೆ ಅದು.

ಮದ್ದೂರಿನಲ್ಲಿ ಶಾಲೆಯ ಮೈದಾನ, ತುಂಬಾ ರೈತರು. ಖೋಟಾ ತಾಮ್ರದ ನಾಣ್ಯ ಬೊಕ್ಕಸಕ್ಕೆ ಗಾಡಿಗಟ್ಟಲೆ ಬಂದು ಸುಲ್ತಾನನ ಗುಲಾಬಿ ತೋಟದಲ್ಲಿ ರಾಶಿಯಾಗುವ ಸುದ್ದಿ ಬರುತ್ತಿದ್ದಂತೆ ಹಿಂದಿನಿಂದ ಒಬ್ಬರು ಕೂಗಿದರು: ‘ಸ್ವಾಮೀ, ನಮ್ ಕಬ್ಬಿನ ಬಾಕೀನಾದ್ರೂ ಅದ್ರಲ್ಲೇ ಕೊಟ್ಬುಡಿ!’ ಮೈದಾನವೆಲ್ಲ ನಗೆ. ನಮ್ಮ ಸುಲ್ತಾನ ಮಾತು ನಿಲ್ಲಿಸಿ, ನಗೆ ಅಡಗುವವರೆಗೂ ಸಿಂಹಾಸನದ ಕೈಯನ್ನೇ ಬೆರಳಿಂದ ಸವರುತ್ತಾ ಕಾದ. ಸಂಭಾಷಣೆಯಲ್ಲಿ ಇಲ್ಲದ ಆ ಮೌನದಲ್ಲಿ ಅವನ ಅವಮಾನ ಎದ್ದು ಕಂಡಿತು.

ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ನಮಗೆ ಸಿಕ್ಕಿದ್ದು ಹಿಂದಿನ ರಾತ್ರಿ ‘ಕುರುಕ್ಷೇತ್ರ’ ಆಡಿದ್ದ ಪೆಂಡಾಲು, ಬಾಡಿಗೆಗೆ ತಂದಿದ್ದ ಸೀನ್ಸು. ಮುಂದೆ ರಸ್ತೆ ಪರದೆ, ಹಿಂದೆ ದರ್ಬಾರು. ಹಾರ್ಮೋನಿಯಂ ಹಿಡಿದು ಊರೂರಿಗೆ ನಾಟಕ ಕಲಿಸುವ ಹಿರಿಯರೊಬ್ಬರು ಕೊನೆಯವರೆಗೂ ಕುಳಿತು ನೋಡಿದರು. ಆಮೇಲೆ ಹತ್ತಿರ ಕರೆದು ಹೇಳಿದರು: ‘ಮೇಷ್ಟ್ರೇ, ನಮ್ ನಾಟ್ಕದಲ್ಲಿ ಹಾಸ್ಯದೋರು ರಸ್ತೆ ಸೀನ್ ದಾಟಕಿಲ್ಲ. ಹಿಂದೆ ದರ್ಬಾರ್ ಕಟ್ಟೋಗಂಟ ಜನಾನ ನಗ್ಸದು, ಹೋಗದು. ನಿಮ್ಮ ಅಜೀಜ ಸೀದಾ ದರ್ಬಾರ್‌ಗೇ ನುಗ್ಬುಟ್ಟವ್ನೆ. ಅಲ್ಗೇ ರಾಜನ್ ಕತೆ ಮುಗೀತು ಬುಡಿ.’

ನಾನು ದಂಗಾದೆ. ಶಿರಸಿಯಲ್ಲಿ ಬಾಲ್ಯದಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಕಾರ್ನಾಡರು ಈ ನಾಟಕದ ಕಟ್ಟಡದ ಬಗ್ಗೆ ಬರೆದಿರುವುದೂ ಹೆಚ್ಚುಕಡಿಮೆ ಇದನ್ನೇ. ಮುಂಪರದೆಯ ಬೀದಿ, ಹಿಂದಿನ ಅರಮನೆ ಎಂಬ ಕಂಪನಿಯ ಪದ್ಧತಿಯನ್ನೇ ಹಿಡಿದು ಹೊರಟರೂ, ಬರೆಯುತ್ತಾ ಹೋದಂತೆ ಎರಡನ್ನೂ ಬೇರೆ ಬೇರೆ ಇಡುವುದು ಕಷ್ಟವಾಯಿತು ಎಂದಿದ್ದಾರೆ. ಅಗಸ ಅಜೀಜ ಬ್ರಾಹ್ಮಣನ ವೇಷದಲ್ಲಿ ಬೀದಿಯಲ್ಲಿ ಶುರುವಾಗಿ, ಖಲೀಫನ ವಂಶದವನ ವೇಷದಲ್ಲಿ ಸುಲ್ತಾನನ ಎದುರೇ ನಿಲ್ಲುತ್ತಾನೆ, ಶಿಕ್ಷೆಯ ಬದಲು ಅಧಿಕಾರ ಪಡೆದು ಹೋಗುತ್ತಾನೆ. ನಗರದ ವಿಮರ್ಶಕರು ಈ ನಾಟಕವನ್ನು ಕಾಮೂನ ‘ಕಲಿಗುಲ’ ಜೊತೆ ಇಟ್ಟು ನೋಡಿದ್ದಾರೆ. ಅದೂ ಸಲ್ಲುವ ಮಾತೇ. ಆದರೆ ಪರದೆ ಎಳೆದು ಬಲ್ಲ ಕೈಗೆ ಮಾತ್ರ ಸಿಕ್ಕುವ ಒಳಗುಟ್ಟು ಮಳವಳ್ಳಿಯಲ್ಲಿ ಸಿಕ್ಕಿತು.

ಬೇಸರವೆಂದರೆ ಈ ಮೂರೂ ಊರಿನ ವಿಮರ್ಶೆ ಎಲ್ಲೂ ಅಚ್ಚಾಗಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ದೀಪ ಬೆಳಗಿದವರ ಹೆಸರು, ಶಾಲು ಹೊದೆಸಿಕೊಂಡವರ ಫೋಟೊ, ‘ಕಲಾವಿದರ ಅಭಿನಯ ಪ್ರೇಕ್ಷಕರ ಮನಸೂರೆಗೊಂಡಿತು’ ಎಂಬ ಒಂದು ಸಾಲು. ಐವತ್ತು ವರ್ಷದ ನಂತರ ಯಾರಾದರೂ ಹುಡುಕಿದರೆ ದೆಹಲಿಯ ಕೋಟೆಗಳ ಪ್ರಯೋಗ ಸಿಗುತ್ತದೆ, ನಮ್ಮದು ಸಿಗುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ‘ಕುರುಕ್ಷೇತ್ರ’ವಾಗಲಿ ‘ತುಘಲಕ್’ ಆಗಲಿ, ನೋಡಿ ಬಂದ ಮೇಲೆ ಅರ್ಧ ಪುಟ ಬರೆದಿಡಿ. ತಾರೀಖು, ಊರು, ಯಾರ ಪಾತ್ರ ಯಾರು ಮಾಡಿದರು, ಜನ ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು, ಪಕ್ಕದವರು ಏನಂದರು. ತೀರ್ಪನ್ನು ಮುಂದೆ ಯಾರು ಬೇಕಾದರೂ ಕೊಟ್ಟಾರು, ಸಾಕ್ಷಿ ಹೇಳುವುದು ಅಂದು ಅಲ್ಲಿದ್ದವರಿಂದ ಮಾತ್ರ ಸಾಧ್ಯ.